ಒಂದೇ ಕಾರ್ಯಕ್ರಮ, ಹಲವು ಚಾನೆಲ್: ಏಕಕಾಲಕ್ಕೆ ಲೈವ್ ಮಾಡುವ ಸರಿಯಾದ ಕ್ರಮ

ಓದುಗರು ಬರೆಯುವ ಪತ್ರಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ಬರುತ್ತಿದೆ. ಯೂಟ್ಯೂಬ್ ಒಂದಕ್ಕೇ ಲೈವ್ ಕಳಿಸಿದಾಗ ಎಲ್ಲ ಚೆನ್ನಾಗಿರುತ್ತದೆ. ಫೇಸ್‌ಬುಕ್ ಸೇರಿಸಿದ ಕೂಡಲೇ ಚಿತ್ರ ತಡವರಿಸುತ್ತದೆ. ಮೂರನೆಯದನ್ನು ಸೇರಿಸಿದರೆ ಮೂರೂ ನಿಂತುಹೋಗುತ್ತವೆ. ಆಮೇಲೆ ಹೊಸ ಕ್ಯಾಮೆರಾ ತರುತ್ತಾರೆ, ಹೊಸ ಕಂಪ್ಯೂಟರ್ ತರುತ್ತಾರೆ. ಮುಂದಿನ ಕಾರ್ಯಕ್ರಮದಲ್ಲೂ ಅದೇ ಗೋಳು.

ನಾನು ನೋಡಿದ ಮಟ್ಟಿಗೆ ಇಲ್ಲಿ ಎಡವುವುದು ಕ್ರಮದಲ್ಲಿ. ಹೆಚ್ಚಿನವರು ಮೊದಲ ದಿನವೇ ಎಲ್ಲ ಚಾನೆಲ್‌ಗಳನ್ನೂ ಜೋಡಿಸುತ್ತಾರೆ, ಆಮೇಲೆ ಕ್ಯಾಮೆರಾ ನೋಡುತ್ತಾರೆ, ಧ್ವನಿಯನ್ನು ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇರುವಾಗ ಕೇಳುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಅನುಮತಿ, ಆಮೇಲೆ ಇಂಟರ್‌ನೆಟ್ ಅಳತೆ, ಆಮೇಲೆ ನಿಮ್ಮ ಮೇಜಿನ ಮೇಲೆ ಒಂದೇ ಒಂದು ಶುದ್ಧ ಸಿಗ್ನಲ್, ಕೊನೆಗೆ ಚಾನೆಲ್‌ಗಳು. ಅವನ್ನೂ ಒಂದೊಂದಾಗಿ ಸೇರಿಸಬೇಕು.

ಉದಾಹರಣೆಗೆ ಓಬಿಎಸ್ ಸ್ಟುಡಿಯೋ ತಂತ್ರಾಂಶವನ್ನು ಇಟ್ಟುಕೊಂಡಿದ್ದೇನೆ. ಕ್ಯಾಮೆರಾ ಚಿತ್ರ, ಮೈಕ್ ಧ್ವನಿ ಎರಡನ್ನೂ ಸೇರಿಸಿ ಇಂಟರ್‌ನೆಟ್‌ಗೆ ಕಳಿಸುವುದು ಅದರ ಕೆಲಸ. ಅದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಬೇರೆ ತಂತ್ರಾಂಶ ಬಳಸುವವರಿಗೂ ಕ್ರಮ ಇದೇ.

## ಕೈಯಲ್ಲಿ ಇರಬೇಕಾದ್ದು

ಒಂದು ಕಂಪ್ಯೂಟರ್, ಕ್ಯಾಮೆರಾ, ಮೈಕ್ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಮರೆಯುವುದು ಉಳಿದವನ್ನು. ರೌಟರ್‌ನಿಂದ ಕಂಪ್ಯೂಟರ್‌ವರೆಗೆ ತಲುಪುವಷ್ಟು ಉದ್ದದ ಲ್ಯಾನ್ ಕೇಬಲ್ ಬೇಕು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಮೊಬೈಲ್ ಡೇಟಾದಲ್ಲಿ ನಡೆಯುವ ಒಂದು ಫೋನ್ ಬೇಕು. ಅದು ವೈಫೈಗೆ ಸೇರಿರಬಾರದು, ಯಾಕೆಂದರೆ ಹೊರಗಿನ ವೀಕ್ಷಕರಿಗೆ ಏನು ಕಾಣುತ್ತಿದೆ ಎಂದು ಅದರಲ್ಲೇ ನೋಡಬೇಕು.

ಜೊತೆಗೆ ಇನ್ನೊಬ್ಬರು ಬೇಕು. ಒಬ್ಬರೇ ಕ್ಯಾಮೆರಾ ಬದಲಿಸುತ್ತಾ, ಧ್ವನಿ ಕೇಳುತ್ತಾ, ನಾಲ್ಕು ಕಡೆಯ ಕಾಮೆಂಟ್ ಓದುವುದು ಆಗದ ಕೆಲಸ.

## ಹಂತ 1: ಅನುಮತಿಗಳನ್ನು ಮೊದಲೇ ಪಡೆಯಿರಿ

ಇದನ್ನು ಮೊದಲ ಹಂತವಾಗಿ ಇಟ್ಟಿರುವುದಕ್ಕೆ ಕಾರಣ ಕಾಯಬೇಕಾದ ಸಮಯ. ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ಸೌಲಭ್ಯ ಕೇಳಿದಾಗ ಫೋನ್ ನಂಬರ್ ದೃಢಪಡಿಸಬೇಕು. ಆಮೇಲೆ ಸೌಲಭ್ಯ ತೆರೆಯಲು 24 ಗಂಟೆಯವರೆಗೂ ಹಿಡಿಯಬಹುದು. ಸಂಜೆ ಕಾರ್ಯಕ್ರಮ ಇಟ್ಟುಕೊಂಡು ಬೆಳಿಗ್ಗೆ ಕೂತರೆ ಏನೂ ಮಾಡಲಾಗದು. ಫೇಸ್‌ಬುಕ್ 2024ರಿಂದ ಇನ್ನೂ ಬಿಗಿಯಾಗಿದೆ. ಖಾತೆಗೆ ಕನಿಷ್ಠ 60 ದಿನ ಆಗಿರಬೇಕು, ಪೇಜ್ ಅಥವಾ ಪ್ರೊಫೆಷನಲ್ ಪ್ರೊಫೈಲ್‌ಗೆ ಕನಿಷ್ಠ 100 ಫಾಲೋವರ್‌ಗಳು ಇರಬೇಕು. ಕಾರ್ಯಕ್ರಮಕ್ಕಾಗಿ ಹೊಸ ಪೇಜ್ ಮಾಡಿ ಅದೇ ವಾರ ಲೈವ್ ಹೋಗುತ್ತೇವೆ ಎನ್ನುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ವಿಡಿಯೋ ಗೇಮ್ ಲೈವ್‌ಗೆ ಹೆಸರಾದ ಟ್ವಿಚ್ ಕೂಡ ಪಟ್ಟಿಯಲ್ಲಿದ್ದರೆ ಒಂದು ನಿಯಮ ನೆನಪಿರಲಿ. 2023ರ ಅಕ್ಟೋಬರ್‌ನಿಂದ ಅವರು ಬೇರೆ ವೇದಿಕೆಗಳಿಗೂ ಏಕಕಾಲಕ್ಕೆ ಪ್ರಸಾರ ಮಾಡಲು ಬಿಡುತ್ತಾರೆ. ಆದರೆ ಬೇರೆ ವೇದಿಕೆಗಳ ಚಾಟ್ ಅನ್ನು ಒಟ್ಟುಗೂಡಿಸಿ ಟ್ವಿಚ್ ಪರದೆಯ ಮೇಲೆ ತೋರಿಸುವಂತಿಲ್ಲ. ಟ್ವಿಚ್ ವೀಕ್ಷಕರಿಗೆ ಸಿಗುವ ಗುಣಮಟ್ಟ ಬೇರೆ ಕಡೆಗಿಂತ ಕಡಿಮೆ ಇರುವಂತೆಯೂ ಇಲ್ಲ.

ಇನ್ನು ಸಂಗೀತ. ಒಂದು ಹಾಡಿಗೆ ಒಂದು ವೇದಿಕೆಯಲ್ಲಿ ಅನುಮತಿ ಇದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಇದೆ ಅಂತ ಅಲ್ಲ. ಹಿನ್ನೆಲೆಯಲ್ಲಿ ಸುಮ್ನೆ ಹಾಕಿದ ಹಾಡಿನಿಂದಲೇ ನಡುವೆ ಪ್ರಸಾರ ನಿಂತ ಉದಾಹರಣೆಗಳು ಬೇಕಾದಷ್ಟಿವೆ. ಎಲ್ಲ ವೇದಿಕೆಗೂ ಹಕ್ಕು ಇರುವ ಸಂಗೀತ ಮಾತ್ರ ಹಾಕಿ. ಅತಿಥಿಗಳಿಗೂ ಕಾರ್ಯಕ್ರಮ ಎಲ್ಲೆಲ್ಲಿ ಹೋಗುತ್ತದೆ ಎಂದು ಮೊದಲೇ ಹೇಳಿಬಿಡಿ.

## ಹಂತ 2: ಅಪ್‌ಲೋಡ್ ವೇಗ ಅಳೆಯಿರಿ

ಸಾಮಾನ್ಯವಾಗಿ ಜನ ಹೇಳುವ ಇಂಟರ್‌ನೆಟ್ ವೇಗ ಡೌನ್‌ಲೋಡ್‌ನದ್ದು. ನಮಗೆ ಅದು ಬೇಡ. ಅಪ್‌ಲೋಡ್ ಎಷ್ಟು ಎಂಬುದೊಂದೇ ಮುಖ್ಯ.

ಕಾರ್ಯಕ್ರಮ ನಡೆಯುವ ಜಾಗದಲ್ಲೇ, ಅದೇ ಹೊತ್ತಿಗೆ, ಲ್ಯಾನ್ ಕೇಬಲ್ ಹಾಕಿ ಅಳೆಯಿರಿ. ಮೂರು ಸಲ ಅಳೆದು ಅತಿ ಕಡಿಮೆ ಬಂದದ್ದನ್ನು ಬರೆದಿಟ್ಟುಕೊಳ್ಳಿ. ಸರಾಸರಿ ಬೇಡ, ಯಾಕೆಂದರೆ ಲೈವ್ ಕೈಕೊಡುವುದು ವೇಗ ಕುಸಿದ ಆ ಒಂದು ಕ್ಷಣದಲ್ಲಿ. ಸಿಕ್ಕ ಅಂಕಿಯ 70 ಶೇಕಡಾ ಮಾತ್ರ ನಿಮ್ಮದು ಎಂದುಕೊಳ್ಳಿ. ಉಳಿದದ್ದು ಏರಿಳಿತಕ್ಕೆ ಮೀಸಲು.

ಈಗ ಲೆಕ್ಕ ನೋಡೋಣ. ಅತಿ ಕಡಿಮೆ ವೇಗ 12 ಎಂಬಿಪಿಎಸ್ (ಸೆಕೆಂಡಿಗೆ 12 ಮೆಗಾಬಿಟ್) ಬಂತು ಎಂದುಕೊಳ್ಳಿ. ಅದರಲ್ಲಿ ಬಳಸಬಹುದಾದದ್ದು ಸುಮಾರು 8.4. ವಿಡಿಯೋ 4 ಎಂಬಿಪಿಎಸ್‌ನಲ್ಲಿ ಇಟ್ಟು ಮೂರು ಚಾನೆಲ್‌ಗೆ ಕಂಪ್ಯೂಟರ್‌ನಿಂದಲೇ ಬೇರೆ ಬೇರೆಯಾಗಿ ಕಳಿಸಿದರೆ, ಧ್ವನಿಯೂ ಸೇರಿ 12 ದಾಟುತ್ತದೆ. ಹಿಡಿಸುವುದಿಲ್ಲ. ಎರಡಕ್ಕೆ ಹೋದರೆ 8.3ರ ಹತ್ತಿರ, ತೀರಾ ಅಂಚಿನಲ್ಲಿ. ಒಂದೇ ಪ್ರತಿ ಕಳಿಸಿದರೆ ಆರಾಮ. ಮುಂದಿನ ಹಂತದ ತೀರ್ಮಾನಕ್ಕೆ ಈ ಲೆಕ್ಕವೇ ಆಧಾರ.

ಮೊಬೈಲ್ ಡೇಟಾ ಬಳಸುವವರು ಮೊತ್ತವನ್ನೂ ನೋಡಿಕೊಳ್ಳಿ. 5 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಕಳಿಸಿದರೆ ಒಂದು ಪ್ರತಿಗೆ ಸುಮಾರು 2.25 ಜಿಬಿ ಖರ್ಚಾಗುತ್ತದೆ. ಮೂರು ಪ್ರತಿಗೆ 6.75.

ವೈಫೈ ಯಾಕೆ ಬೇಡ ಅಂದರೆ, ಖಾಲಿ ಕೋಣೆಯಲ್ಲಿ ಅದು ಚೆನ್ನಾಗೇ ಇರುತ್ತದೆ. ಜನ ಬಂದು, ನೂರು ಫೋನ್ ಒಳಗೆ ಬಂದ ಮೇಲೆ ಅದೇ ವೈಫೈ ಬೇರೆಯಾಗುತ್ತದೆ. ಪರೀಕ್ಷೆಯಲ್ಲಿ ಪಾಸಾಗಿ ಕಾರ್ಯಕ್ರಮದಲ್ಲಿ ಫೇಲಾಗುವುದು ಹೀಗೆ.

## ಹಂತ 3: ಕವಲು ಎಲ್ಲಿ ಒಡೆಯಬೇಕು ಎಂದು ನಿರ್ಧರಿಸಿ

ಒಂದು ಸಿಗ್ನಲ್ ಎಲ್ಲೋ ಒಂದು ಕಡೆ ಹಲವಾಗಬೇಕು. ಆ ಜಾಗ ಯಾವುದು ಎಂಬುದೇ ನಿಮ್ಮ ಖರ್ಚು, ನಿಮ್ಮ ತಲೆನೋವು ಎಲ್ಲವನ್ನೂ ತೀರ್ಮಾನಿಸುತ್ತದೆ. ಮೂರು ಹಾದಿಗಳಿವೆ.

ಮೊದಲನೆಯದು ಕ್ಲೌಡ್ ಸೇವೆ. ರೀಸ್ಟ್ರೀಮ್, ಸ್ಟ್ರೀಮ್‌ಯಾರ್ಡ್ ಇಂಥವು. ನೀವು ಒಂದೇ ಪ್ರತಿ ಕಳಿಸುತ್ತೀರಿ. ಅವರ ಸರ್ವರ್ ಅದನ್ನು ಎಲ್ಲ ಚಾನೆಲ್‌ಗೂ ಹಂಚುತ್ತದೆ. ಅಪ್‌ಲೋಡ್ ಕಡಿಮೆ ಇದ್ದವರಿಗೆ ಇದೇ ಸರಿ. ಉಚಿತ ಯೋಜನೆಗಳಲ್ಲಿ ಚಾನೆಲ್ ಸಂಖ್ಯೆಗೆ ಮಿತಿ, ಪರದೆಯ ಮೂಲೆಯಲ್ಲಿ ಅವರ ಗುರುತು ಇವೆಲ್ಲ ಇರಬಹುದು. ಪರೀಕ್ಷೆಯ ದಿನವೇ ನೋಡಿಕೊಳ್ಳಿ.

ಎರಡನೆಯದು ನಿಮ್ಮ ಕಂಪ್ಯೂಟರ್‌ನಲ್ಲೇ ಕವಲು. ಓಬಿಎಸ್‌ಗೆ ಮಲ್ಟಿಪಲ್ ಆರ್‌ಟಿಎಂಪಿ ಔಟ್‌ಪುಟ್ಸ್ ಎಂಬ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದೆ. ಆರ್‌ಟಿಎಂಪಿ ಅಂದರೆ ಲೈವ್ ಚಿತ್ರವನ್ನು ವೇದಿಕೆಗೆ ಸಾಗಿಸುವ ಪದ್ಧತಿ. ಪ್ರತಿ ಚಾನೆಲ್‌ಗೂ ಬೇರೆ ಬೇರೆ ಪ್ರತಿ ಹೋಗುವುದರಿಂದ ಅಪ್‌ಲೋಡ್ ಜಾಸ್ತಿ ಬೇಕು. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಪ್ರತಿ ಚಾನೆಲ್‌ಗೂ ಹೊಸ ಎನ್‌ಕೋಡರ್ (ಚಿತ್ರವನ್ನು ಕುಗ್ಗಿಸುವ ಭಾಗ) ಆರಿಸುತ್ತಾರೆ. ಆಗ ಕಂಪ್ಯೂಟರ್ ಅದೇ ಚಿತ್ರವನ್ನು ಮೂರು ಸಲ ಕುಗ್ಗಿಸುತ್ತಾ ಸುಸ್ತಾಗುತ್ತದೆ. ಓಬಿಎಸ್‌ನ ಮುಖ್ಯ ಎನ್‌ಕೋಡರ್ ಅನ್ನೇ ಹಂಚಿಕೊಳ್ಳುವ ಆಯ್ಕೆ ಅದರಲ್ಲೇ ಇದೆ. ಅದನ್ನೇ ಇಟ್ಟುಕೊಳ್ಳಿ.

ಮೂರನೆಯದು ಸ್ವಂತ ಸರ್ವರ್. ಎನ್‌ಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶಕ್ಕೆ ಆರ್‌ಟಿಎಂಪಿ ಮಾಡ್ಯೂಲ್ ಸೇರಿಸಿ, ಕಾನ್ಫಿಗರೇಷನ್ ಫೈಲ್‌ನಲ್ಲಿ ಚಾನೆಲ್‌ಗೆ ಒಂದರಂತೆ 'ಪುಶ್' ಸಾಲು ಬರೆದರೆ ಆಯಿತು. ನೋಡಲು ಸುಲಭ. ಆದರೆ ಫೇಸ್‌ಬುಕ್ ಒಪ್ಪುವುದು ಸುರಕ್ಷಿತ ರೂಪವಾದ ಆರ್‌ಟಿಎಂಪಿಎಸ್ ಮಾತ್ರ. ಈ ಮಾಡ್ಯೂಲ್‌ಗೆ ತಾನಾಗಿ ಆ ರೂಪದಲ್ಲಿ ಕಳಿಸಲು ಬರುವುದಿಲ್ಲ. ನಡುವೆ ಎಸ್‌ಟನಲ್ ಎಂಬ ಇನ್ನೊಂದು ತಂತ್ರಾಂಶ ಬೇಕು. ಯೂಟ್ಯೂಬ್‌ಗೆ ಹೋಗಿ ಫೇಸ್‌ಬುಕ್‌ಗೆ ಮಾತ್ರ ಹೋಗುತ್ತಿಲ್ಲ ಎಂದು ಬರೆದ ಸರ್ವರ್ ಬಳಕೆದಾರರಲ್ಲಿ ಹೆಚ್ಚಿನವರ ಸಮಸ್ಯೆ ಇದೇ ಆಗಿತ್ತು.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಕ್ಲೌಡ್ ಸೇವೆ. ಅಪ್‌ಲೋಡ್ ಧಾರಾಳವಾಗಿದ್ದು ಎರಡೇ ಚಾನೆಲ್ ಇದ್ದರೆ ಪ್ಲಗಿನ್ ಸಾಕು. ಸ್ವಂತ ಸರ್ವರ್ ಅನ್ನು ವಾರ ವಾರ ಪ್ರಸಾರ ಮಾಡುವವರು, ಅದನ್ನು ನೋಡಿಕೊಳ್ಳಲು ಜನ ಇರುವವರು ಮಾತ್ರ ಇಟ್ಟುಕೊಳ್ಳಲಿ.

## ಹಂತ 4: ಎಲ್ಲ ಚಾನೆಲ್‌ಗೂ ಒಪ್ಪುವ ಸೆಟ್ಟಿಂಗ್ ಇಡಿ

ಒಂದೇ ಪ್ರತಿ ಎಲ್ಲ ಕಡೆ ಹೋಗುವಾಗ, ಅತಿ ಕಡಿಮೆ ಮಿತಿ ಇರುವ ಚಾನೆಲ್ ಯಾವುದೋ ಅದರ ಮಿತಿಯೇ ಎಲ್ಲರಿಗೂ ಮಿತಿ. ಟ್ವಿಚ್ ಇದ್ದರೆ 6,000 ಕೆಬಿಪಿಎಸ್ (6 ಎಂಬಿಪಿಎಸ್) ದಾಟಬೇಡಿ.

ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಎಚ್.264 ಎಂಬ ಕೋಡೆಕ್ (ಚಿತ್ರ ಕುಗ್ಗಿಸುವ ವಿಧಾನ) ಆರಿಸಿ. ಹೊಸ ಕೋಡೆಕ್‌ಗಳನ್ನು ಕೆಲವು ವೇದಿಕೆ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ರೇಟ್ ಕಂಟ್ರೋಲ್ ಸಿಬಿಆರ್ ಇರಲಿ, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ (ಬಿಟ್‌ರೇಟ್) ಒಂದೇ ಸಮ ಇರುತ್ತದೆ. ಕೀಫ್ರೇಮ್ (ಪೂರ್ತಿ ಚಿತ್ರ ಇರುವ ಫ್ರೇಮ್) ಅಂತರ 2 ಸೆಕೆಂಡ್. ಇದನ್ನು ಸೊನ್ನೆ ಎಂದು ಬಿಟ್ಟರೆ ತಂತ್ರಾಂಶ ತನಗೆ ತೋಚಿದ ಅಂತರ ಇಟ್ಟುಕೊಳ್ಳುತ್ತದೆ. ಆಗ ಯೂಟ್ಯೂಬ್ ಎಚ್ಚರಿಕೆ ತೋರಿಸುತ್ತದೆ, ಕೆಲವು ಕಡೆ ಚಿತ್ರ ತುಂಡು ತುಂಡಾಗುತ್ತದೆ. ಮಾತುಕತೆ, ಭಾಷಣದಂಥ ಕಾರ್ಯಕ್ರಮಕ್ಕೆ 720ಪಿ, ಸೆಕೆಂಡಿಗೆ 30 ಫ್ರೇಮ್, 3,000ದಿಂದ 4,000 ಕೆಬಿಪಿಎಸ್ ಧಾರಾಳ ಸಾಕು. ನೃತ್ಯ, ಆಟ ಇದ್ದರೆ 1080ಪಿ ಮತ್ತು 6,000ದ ಕಡೆ ಹೋಗಿ, ಅಪ್‌ಲೋಡ್ ಒಪ್ಪಿದರೆ ಮಾತ್ರ. ಅಲುಗಾಡದ 720ಪಿ ಚಿತ್ರವನ್ನು ಜನ ಕೊನೆವರೆಗೂ ನೋಡುತ್ತಾರೆ. ನಿಂತು ನಿಂತು ಬರುವ 1080ಪಿ ಚಿತ್ರವನ್ನು ಎರಡೇ ನಿಮಿಷಕ್ಕೆ ಬಿಟ್ಟು ಹೋಗುತ್ತಾರೆ.

ಕಂಪ್ಯೂಟರ್‌ನಲ್ಲಿ ಗ್ರಾಫಿಕ್ಸ್ ಚಿಪ್‌ನ ಎನ್‌ಕೋಡರ್ ಇದ್ದರೆ ಅದನ್ನೇ ಬಳಸಿ. ಎನ್‌ವಿಡಿಯಾದಲ್ಲಿ ಎನ್‌ವೆಂಕ್, ಇಂಟೆಲ್‌ನಲ್ಲಿ ಕ್ವಿಕ್‌ಸಿಂಕ್ ಎಂದು ಕಾಣುತ್ತದೆ. ಮುಖ್ಯ ಪ್ರೊಸೆಸರ್‌ಗೆ ಉಸಿರಾಡಲು ಜಾಗ ಸಿಗುತ್ತದೆ.

ರೆಕಾರ್ಡಿಂಗ್ ಅನ್ನು ಎಂಕೆವಿ ರೂಪದಲ್ಲಿ ಇಡಿ. ಸಾಮಾನ್ಯ ಎಂಪಿ4 ಫೈಲ್ ಬರೆಯುವಾಗ ಕರೆಂಟ್ ಹೋದರೆ ಇಡೀ ಫೈಲ್ ತೆರೆಯದೆ ಹೋಗಬಹುದು. ಎಂಕೆವಿಯಲ್ಲಿ ಅಲ್ಲಿಯವರೆಗಿನ ಭಾಗ ಉಳಿಯುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಓಬಿಎಸ್‌ನಲ್ಲೇ ಅದನ್ನು ಎಂಪಿ4 ಮಾಡಿಕೊಳ್ಳಬಹುದು.

## ಹಂತ 5: ಧ್ವನಿ ಸರಿಮಾಡಿ, ಆಮೇಲೆ ಮುಂದೆ ಹೋಗಿ

ಇಲ್ಲಿ ನಿಧಾನವಾಗಿ ಓದಿ. ಚಿತ್ರ ಮಸುಕಾದರೆ ಜನ ತಡೆದುಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಯಾರೂ ಕೂರುವುದಿಲ್ಲ. ಅದೂ ಅಲ್ಲದೆ ಇಲ್ಲಿ ಆದ ಒಂದು ತಪ್ಪು ಎಲ್ಲ ಚಾನೆಲ್‌ಗೂ ಏಕಕಾಲಕ್ಕೆ ಹೋಗುತ್ತದೆ, ಅಲ್ವಾ?

ಮೊದಲು ಮಟ್ಟ. ಓಬಿಎಸ್‌ನ ಧ್ವನಿ ಪಟ್ಟಿ ಮೂಲ ಸೆಟ್ಟಿಂಗ್‌ನಲ್ಲಿ ಮೈನಸ್ 20 ಡೆಸಿಬಲ್‌ವರೆಗೆ ಹಸಿರು, ಮೈನಸ್ 9ರವರೆಗೆ ಹಳದಿ, ಅದರಾಚೆ ಕೆಂಪು. ಮಾತಾಡುವಾಗ ಪಟ್ಟಿ ಹಳದಿಯಲ್ಲಿ ಆಡುತ್ತಿರಬೇಕು. ಜೋರಾಗಿ ನಕ್ಕಾಗಲೂ ತುದಿ ಮುಟ್ಟಬಾರದು. ಪರೀಕ್ಷೆಗೆ 'ಹಲೋ ಒಂದು ಎರಡು ಮೂರು' ಎಂದು ಮೆಲ್ಲಗೆ ಹೇಳಿಸಿದರೆ ಪ್ರಯೋಜನ ಇಲ್ಲ. ವೇದಿಕೆ ಮೇಲೆ ಹೇಗೆ ಮಾತಾಡುತ್ತಾರೋ ಹಾಗೇ ಎರಡು ನಿಮಿಷ ಮಾತಾಡಿಸಿ.

ಎರಡನೆಯದು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಎಂಬುದು. ಮೈಕ್, ಕಂಪ್ಯೂಟರ್, ಓಬಿಎಸ್ ಎಲ್ಲದರಲ್ಲೂ 48 ಕಿಲೋಹರ್ಟ್ಸ್ ಎಂದೇ ಇರಲಿ. ಒಂದು ಕಡೆ 44.1, ಇನ್ನೊಂದು ಕಡೆ 48 ಇದ್ದರೆ ಶುರುವಿನಲ್ಲಿ ಏನೂ ಗೊತ್ತಾಗದೆ ಇರಬಹುದು. ಒಂದು ಗಂಟೆ ಕಳೆದ ಮೇಲೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಧ್ವನಿಗೆ ಎಎಸಿ ಕೋಡೆಕ್, 128 ಕೆಬಿಪಿಎಸ್ ಸಾಕು.

ಮೂರನೆಯದು ಹೊಂದಾಣಿಕೆ. ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾವನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಮೂಲಕ ಬರುವ ಚಿತ್ರ ಮೈಕ್‌ಗಿಂತ ಸ್ವಲ್ಪ ತಡವಾಗಿ ಬರುತ್ತದೆ. ಕ್ಯಾಮೆರಾ ಮುಂದೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಅದನ್ನು ರೆಕಾರ್ಡ್ ಮಾಡಿ, ಫ್ರೇಮ್ ಫ್ರೇಮ್ ಆಗಿ ಮುಂದೆ ಸರಿಸಿ ನೋಡಿ. ಕೈ ಕೂಡುವ ಮೊದಲೇ ಸದ್ದು ಬಂದರೆ ಎಷ್ಟು ಫ್ರೇಮ್ ಮುಂದಿದೆ ಎಂದು ಎಣಿಸಿ. ಸೆಕೆಂಡಿಗೆ 30 ಫ್ರೇಮ್ ಇದ್ದಾಗ ಒಂದು ಫ್ರೇಮ್ ಅಂದರೆ ಸುಮಾರು 33 ಮಿಲಿಸೆಕೆಂಡ್. ಮೂರು ಫ್ರೇಮ್ ಇದ್ದರೆ ಧ್ವನಿಯ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಸಿಂಕ್ ಆಫ್‌ಸೆಟ್ ಅನ್ನು 100 ಎಂದು ಕೊಡಿ. ಮತ್ತೆ ಚಪ್ಪಾಳೆ ಹೊಡೆದು ನೋಡಿ.

ನಾಲ್ಕನೆಯದು ಪ್ರತಿಧ್ವನಿ. ಇದು ನನ್ನ ಕೈಯಲ್ಲೇ ಆದದ್ದು. ಒಂದು ಚರ್ಚೆಯನ್ನು ಎರಡು ಚಾನೆಲ್‌ಗೆ ಕಳಿಸುತ್ತಿದ್ದೆ. ಸರಿಯಾಗಿ ಹೋಗುತ್ತಿದೆಯೇ ನೋಡೋಣ ಎಂದು ಅದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಲೈವ್ ತೆರೆದೆ. ಓಬಿಎಸ್ ಕಂಪ್ಯೂಟರ್‌ನ ಧ್ವನಿಯನ್ನೂ ಹಿಡಿಯುತ್ತಿತ್ತು. ಬ್ರೌಸರ್‌ನಿಂದ ಬಂದ ಹಳೆಯ ಮಾತು ಮತ್ತೆ ಪ್ರಸಾರಕ್ಕೆ ಸೇರಿ, ಅದು ಮತ್ತೆ ಸೇರಿ, ವೀಕ್ಷಕರಿಗೆ ಹತ್ತು ಜನ ಒಟ್ಟಿಗೆ ಮಾತಾಡಿದಂತೆ ಕೇಳಿತು. ನನ್ನ ಹೆಡ್‌ಫೋನ್ ಮಿಕ್ಸರ್‌ಗೆ (ಮೈಕ್‌ಗಳ ಧ್ವನಿ ಸೇರಿಸುವ ಸಾಧನ) ಸಿಕ್ಕಿಸಿದ್ದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಕಾಮೆಂಟ್‌ನಲ್ಲಿ ಯಾರೋ ಹೇಳುವ ಹೊತ್ತಿಗೆ ಅರ್ಧ ಚರ್ಚೆ ಮುಗಿದಿತ್ತು. ಅಂದಿನಿಂದ ಎರಡು ಕೆಲಸ ತಪ್ಪಿಸುವುದಿಲ್ಲ. ಬೇಡದಿದ್ದರೆ ಡೆಸ್ಕ್‌ಟಾಪ್ ಆಡಿಯೋ ಆಫ್ ಮಾಡುತ್ತೇನೆ. ಲೈವ್ ಅನ್ನು ಬೇರೆ ಫೋನ್‌ನಲ್ಲಿ, ಇಯರ್‌ಫೋನ್ ಹಾಕಿ ಮಾತ್ರ ಕೇಳುತ್ತೇನೆ.

ಇನ್ನೊಂದು ಸಣ್ಣ ವಿಷಯ. ಮಿಕ್ಸರ್‌ನಿಂದ ಒಂದೇ ತಂತಿ ತಂದರೆ ಧ್ವನಿ ಎಡಗಿವಿಗೆ ಮಾತ್ರ ಕೇಳುವ ಸಾಧ್ಯತೆ ಇದೆ. ಸ್ಪೀಕರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿ. ಒಂದೇ ಕಡೆ ಬಂದರೆ ಆ ಮೂಲಕ್ಕೆ 'ಮೋನೋ' ಟಿಕ್ ಮಾಡಿ.

## ಹಂತ 6: ಚಾನೆಲ್‌ಗಳನ್ನು ಒಂದೊಂದಾಗಿ ಜೋಡಿಸಿ

ಪ್ರತಿ ವೇದಿಕೆಯೂ ಒಂದು ಸರ್ವರ್ ವಿಳಾಸ ಮತ್ತು ಒಂದು ಸ್ಟ್ರೀಮ್ ಕೀ ಕೊಡುತ್ತದೆ. ಕೀ ಅಂದರೆ ಮನೆಯ ಬೀಗದ ಕೈ ಇದ್ದ ಹಾಗೆ. ಅದು ಸಿಕ್ಕವರು ನಿಮ್ಮ ಚಾನೆಲ್‌ನಲ್ಲಿ ಏನು ಬೇಕಾದರೂ ಹಾಕಬಹುದು. ಗುಂಪಿನಲ್ಲಿ ಹಂಚಬೇಡಿ, ಪರದೆ ಹಂಚಿಕೊಂಡಾಗ ಸೆಟ್ಟಿಂಗ್ ತೆರೆಯಬೇಡಿ. ಹೊರಗೆ ಹೋಯಿತು ಅನ್ನಿಸಿದರೆ ತಕ್ಷಣ ರೀಸೆಟ್ ಮಾಡಿ. ಕಾಪಿ ಮಾಡುವಾಗ ಹಿಂದೆ ಮುಂದೆ ಒಂದು ಖಾಲಿ ಜಾಗ ಸೇರಿಕೊಂಡರೂ ಸಂಪರ್ಕ ಸಿಗದೆ ಇರಬಹುದು.

ಮೊದಲು ಒಂದೇ ಚಾನೆಲ್ ಜೋಡಿಸಿ, ಖಾಸಗಿ ಪ್ರಸಾರವಾಗಿ ಹತ್ತು ನಿಮಿಷ ಓಡಿಸಿ. ಸರಿ ಇದ್ದರೆ ಎರಡನೆಯದು, ಮತ್ತೆ ಹತ್ತು ನಿಮಿಷ. ಮೂರನ್ನೂ ಒಟ್ಟಿಗೆ ಹಾಕಿ ಕೆಟ್ಟರೆ, ಕೆಡಿಸಿದ್ದು ಯಾವುದು ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಒಂದೊಂದು ವೇದಿಕೆಯ ಸ್ವಭಾವ ಒಂದೊಂದು. ಯೂಟ್ಯೂಬ್‌ನಲ್ಲಿ ಆಟೋ ಸ್ಟಾರ್ಟ್, ಆಟೋ ಸ್ಟಾಪ್ ಎಂಬ ಎರಡು ಆಯ್ಕೆ ಇವೆ. ಎರಡನ್ನೂ ಆಫ್ ಮಾಡಿ. ಆಟೋ ಸ್ಟಾಪ್ ಆನ್ ಇದ್ದು ನಡುವೆ ಇಂಟರ್‌ನೆಟ್ ಕಡಿದರೆ, ಕಾರ್ಯಕ್ರಮ ಮುಗಿಯಿತು ಎಂದು ಯೂಟ್ಯೂಬ್ ಲೈವ್ ಮುಚ್ಚಿಬಿಡಬಹುದು. ಜನರಿಗೆ ಕಳಿಸಿದ ಲಿಂಕ್ ಅಲ್ಲಿಗೆ ವ್ಯರ್ಥ. ಫೇಸ್‌ಬುಕ್‌ನಲ್ಲಿ ಸಿಗ್ನಲ್ ತಲುಪಿದ ಮೇಲೂ ನೀವೇ 'ಗೋ ಲೈವ್' ಒತ್ತಬೇಕು. ಮುನ್ನೋಟ ಕಂಡಿತು, ಪ್ರಸಾರ ಆಗುತ್ತಿದೆ ಎಂದು ಸುಮ್ಮನೆ ಕೂತವರಿದ್ದಾರೆ. ಟ್ವಿಚ್ ಇದಕ್ಕೆ ಪೂರ್ತಿ ವಿರುದ್ಧ. ಸಿಗ್ನಲ್ ತಲುಪಿದ ಕ್ಷಣವೇ ಎಲ್ಲರಿಗೂ ಕಾಣುತ್ತದೆ. ಅದರ ಪರೀಕ್ಷೆಗೆ ಓಬಿಎಸ್‌ನಲ್ಲಿರುವ ಬ್ಯಾಂಡ್‌ವಿಡ್ತ್ ಟೆಸ್ಟ್ ಮೋಡ್ ಬಳಸಿ.

ಶಾಲೆ, ಕಚೇರಿಗಳ ನೆಟ್‌ವರ್ಕ್‌ನಲ್ಲಿ ಯಾವುದಕ್ಕೂ ಸಂಪರ್ಕ ಸಿಗದಿದ್ದರೆ ಫೈರ್‌ವಾಲ್ ನೋಡಿ. ಆರ್‌ಟಿಎಂಪಿ ಸಾಮಾನ್ಯವಾಗಿ 1935ನೇ ಪೋರ್ಟ್‌ನಲ್ಲಿ ಹೋಗುತ್ತದೆ. ಅದನ್ನು ಮುಚ್ಚಿರುತ್ತಾರೆ. ಆರ್‌ಟಿಎಂಪಿಎಸ್ ಹೆಚ್ಚಾಗಿ 443ರಲ್ಲಿ ಹೋಗುವುದರಿಂದ ಅದು ನಡೆಯುವ ಸಾಧ್ಯತೆ ಜಾಸ್ತಿ.

ಲಂಬವಾಗಿ ನಿಂತ ಚಿತ್ರ ಬೇಡುವ ಇನ್‌ಸ್ಟಾಗ್ರಾಂನಂಥ ಕಡೆಗೂ ಕಳಿಸುವುದಾದರೆ, ಅಡ್ಡ ಚಿತ್ರವನ್ನೇ ಕುಗ್ಗಿಸಿ ತಳ್ಳಬೇಡಿ. ಮುಖ ಬೆರಳಿನಷ್ಟು ಆಗುತ್ತದೆ, ಅಕ್ಷರ ಓದಲಾಗುವುದಿಲ್ಲ. ಅದಕ್ಕೆ ಬೇರೆಯದೇ ಚೌಕಟ್ಟು ಮಾಡಬೇಕು. ಮೊದಲ ಎರಡು ಮೂರು ಕಾರ್ಯಕ್ರಮದಲ್ಲಿ ಅದನ್ನು ಬಿಟ್ಟುಬಿಡಿ.

## ಹಂತ 7: ಇಂಟರ್‌ನೆಟ್ ರೇಡಿಯೋ ಕೂಡ ಇದ್ದರೆ

ಧ್ವನಿ ಮಾತ್ರದ ಚಾನೆಲ್‌ಗೆ ಬೇರೆ ದಾರಿ. ಮಿಕ್ಸರ್‌ನ ಎರಡನೇ ಔಟ್‌ಪುಟ್ ಅನ್ನು ಇನ್ನೊಂದು ಕಂಪ್ಯೂಟರ್‌ಗೆ ಕೊಟ್ಟು, ಬಟ್ ಎಂಬ ಉಚಿತ ತಂತ್ರಾಂಶದಿಂದ ಐಸ್‌ಕಾಸ್ಟ್ ಎಂಬ ಇಂಟರ್‌ನೆಟ್ ರೇಡಿಯೋ ಸರ್ವರ್‌ಗೆ ಕಳಿಸಬಹುದು. ಸರ್ವರ್ ವಿಳಾಸ, ಪೋರ್ಟ್, ಮೌಂಟ್ ಹೆಸರು (ಸರ್ವರ್‌ನಲ್ಲಿ ನಿಮ್ಮ ಪ್ರಸಾರದ ಗುರುತು), ಪಾಸ್‌ವರ್ಡ್ ಈ ನಾಲ್ಕು ಬೇಕು. ಪೋರ್ಟ್ ಬದಲಿಸಿರದಿದ್ದರೆ 8000. ಎಂಪಿ3, 128 ಕೆಬಿಪಿಎಸ್ ಸಾಕು. ಎರಡನೇ ಕಂಪ್ಯೂಟರ್ ಆದ್ದರಿಂದ ವಿಡಿಯೋ ಕಡೆ ಏನೇ ಆದರೂ ರೇಡಿಯೋ ನಿಲ್ಲುವುದಿಲ್ಲ. ಇಂಟರ್‌ನೆಟ್ ಒಂದೇ ಆಗಿದ್ದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ನಿರೂಪಕರಿಗೂ ಒಂದು ಮಾತು ಹೇಳಿ. 'ಪರದೆ ಮೇಲೆ ಕಾಣುತ್ತಿರುವಂತೆ' ಎಂದರೆ ಕೇಳುಗರಿಗೆ ಏನೂ ಸಿಗುವುದಿಲ್ಲ. ಅಂಕಿ, ಹೆಸರು, ಫೋನ್ ನಂಬರ್ ಎಲ್ಲವನ್ನೂ ಬಾಯಲ್ಲಿ ಹೇಳಬೇಕು.

## ಹಂತ 8: ಪೂರ್ತಿ ತಾಲೀಮು

ಕಾರ್ಯಕ್ರಮದ ಹಿಂದಿನ ದಿನ ಎಲ್ಲ ಚಾನೆಲ್ ಸೇರಿಸಿ, ಖಾಸಗಿಯಾಗಿ, ಕನಿಷ್ಠ ಅರ್ಧ ಗಂಟೆ ಓಡಿಸಿ. ಐದು ನಿಮಿಷ ಸಾಲುವುದಿಲ್ಲ. ಕಂಪ್ಯೂಟರ್ ಬಿಸಿಯಾಗಿ ನಿಧಾನವಾಗುವುದು, ಧ್ವನಿ ಸರಿಯುವುದು ಇವೆಲ್ಲ ತಡವಾಗಿ ಕಾಣುವ ಕಾಯಿಲೆಗಳು.

ಓಬಿಎಸ್‌ನಲ್ಲಿ ಸ್ಟ್ಯಾಟ್ಸ್ ಪಟ್ಟಿ ತೆರೆದಿಡಿ. ಅದರಲ್ಲಿ ಮೂರು ಅಂಕಿಗಳು ಮೂರು ಬೇರೆ ರೋಗ ಹೇಳುತ್ತವೆ. ನೆಟ್‌ವರ್ಕ್‌ನಿಂದ ಬಿದ್ದ ಫ್ರೇಮ್ ಏರಿದರೆ ಇಂಟರ್‌ನೆಟ್ ಸಾಲುತ್ತಿಲ್ಲ, ಬಿಟ್‌ರೇಟ್ ಇಳಿಸಿ. ಎನ್‌ಕೋಡಿಂಗ್ ವಿಳಂಬ ಏರಿದರೆ ಎನ್‌ಕೋಡರ್ ಮೇಲೆ ಹೊರೆ ಜಾಸ್ತಿ, ರೆಸಲ್ಯೂಷನ್ ಇಳಿಸಿ ಅಥವಾ ಗ್ರಾಫಿಕ್ಸ್ ಎನ್‌ಕೋಡರ್‌ಗೆ ಬದಲಿಸಿ. ರೆಂಡರಿಂಗ್ ವಿಳಂಬ ಏರಿದರೆ ಗ್ರಾಫಿಕ್ಸ್ ಚಿಪ್ ಸುಸ್ತಾಗಿದೆ, ಅನಗತ್ಯ ದೃಶ್ಯ ಮತ್ತು ಬೇರೆ ತಂತ್ರಾಂಶ ಮುಚ್ಚಿ. ಈ ಮೂರನ್ನು ಬೇರೆ ಮಾಡಿ ನೋಡದೆ ಬಿಟ್‌ರೇಟ್ ಇಳಿಸುತ್ತಲೇ ಇದ್ದವರ ಪತ್ರಗಳು ನನ್ನ ಹತ್ತಿರ ಬಹಳ ಇವೆ. ಅವರ ಕಾಯಿಲೆ ಕಂಪ್ಯೂಟರ್‌ನದ್ದು, ಔಷಧ ಇಂಟರ್‌ನೆಟ್‌ಗೆ ಹಾಕುತ್ತಿದ್ದರು.

ತಾಲೀಮಿನ ನಡುವೆ ಬೇಕೆಂದೇ ಲ್ಯಾನ್ ಕೇಬಲ್ ಹತ್ತು ಸೆಕೆಂಡ್ ಕಿತ್ತು ಮತ್ತೆ ಹಾಕಿ. ಎಲ್ಲ ಚಾನೆಲ್ ತಾವಾಗಿ ಮರಳಿದವೇ? ಯಾವುದು ಮರಳಲಿಲ್ಲ? ಅದನ್ನು ಮತ್ತೆ ಹತ್ತಿಸುವುದು ಹೇಗೆ? ಉತ್ತರ ಬರೆದು ಮೇಜಿಗೆ ಅಂಟಿಸಿ. ಫೋನ್‌ನ ಹಾಟ್‌ಸ್ಪಾಟ್‌ಗೆ ಬದಲಿಸುವುದನ್ನೂ ಒಮ್ಮೆ ಮಾಡಿ ನೋಡಿ.

## ಹಂತ 9: ಕಾರ್ಯಕ್ರಮದ ದಿನದ ಕ್ರಮ

ಒಂದು ಗಂಟೆ ಮೊದಲು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಅಪ್‌ಡೇಟ್, ಸ್ಲೀಪ್ ಮೋಡ್, ನೋಟಿಫಿಕೇಷನ್ ಎಲ್ಲ ನಿಲ್ಲಿಸಿ. ಫೋಟೋ, ಫೈಲ್ ತಾನಾಗಿ ಕ್ಲೌಡ್‌ಗೆ ಏರಿಸುವ ತಂತ್ರಾಂಶ ಇದ್ದರೆ ಅದನ್ನು ಮುಚ್ಚಲೇಬೇಕು. ಅದು ತಿನ್ನುವುದು ನಿಮ್ಮ ಅಪ್‌ಲೋಡ್ ಅನ್ನೇ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿರಲಿ.

ಇಪ್ಪತ್ತು ನಿಮಿಷ ಮೊದಲು ರೆಕಾರ್ಡಿಂಗ್ ಶುರು ಮಾಡಿ. ಆಮೇಲೆ 'ಸ್ವಲ್ಪ ಹೊತ್ತಿನಲ್ಲಿ ಆರಂಭ' ಎಂಬ ಚಿತ್ರ ಹಾಕಿ ಸಿಗ್ನಲ್ ಕಳಿಸಿ. ಟ್ವಿಚ್ ಇದ್ದರೆ ಅಲ್ಲಿನವರಿಗೆ ಈ ಚಿತ್ರ ಆಗಲೇ ಕಾಣುತ್ತದೆ. ತೊಂದರೆ ಇಲ್ಲ. ಪ್ರತಿ ಚಾನೆಲ್‌ನ ಮುನ್ನೋಟದಲ್ಲಿ ಚಿತ್ರ ಬಂತೇ ನೋಡಿ. ಶೀರ್ಷಿಕೆ ಸರಿ ಇದೆಯೇ ನೋಡಿ. ತಾಲೀಮಿಗೆ ಇಟ್ಟಿದ್ದ 'ಖಾಸಗಿ' ಈಗ 'ಸಾರ್ವಜನಿಕ' ಆಗಿದೆಯೇ ನೋಡಿ. ಈ ಕೊನೆಯದನ್ನು ಮರೆತು, ಒಬ್ಬರೂ ನೋಡುತ್ತಿಲ್ಲವಲ್ಲ ಎಂದು ಕೊರಗಿದವರು ಒಬ್ಬಿಬ್ಬರಲ್ಲ.

ಐದು ನಿಮಿಷ ಇರುವಾಗ ಒಂದೊಂದೇ ಚಾನೆಲ್ ಲೈವ್ ಮಾಡಿ. ಜೊತೆಯವರು ಮೊಬೈಲ್ ಡೇಟಾದ ಫೋನ್‌ನಲ್ಲಿ ಪ್ರತಿಯೊಂದನ್ನೂ ತೆರೆದು 'ಬಂತು' ಎನ್ನಬೇಕು. ಎಲ್ಲ 'ಬಂತು' ಆದ ಮೇಲೆ ನಿರೂಪಕರಿಗೆ ಸನ್ನೆ ಕೊಡಿ.

## ಹಂತ 10: ನಡೆಯುತ್ತಿರುವಾಗ ಗಮನಿಸಬೇಕಾದ್ದು

ಏನಾದರೂ ಕೆಟ್ಟರೆ ಮೊದಲ ಪ್ರಶ್ನೆ ಒಂದೇ: ಒಂದು ಕಡೆ ಕೆಟ್ಟಿದೆಯೋ, ಎಲ್ಲ ಕಡೆಯೋ? ಒಂದರಲ್ಲಿ ಮಾತ್ರ ಆದರೆ ಆ ವೇದಿಕೆಯದ್ದು ಅಥವಾ ಅದರ ಕೀಯದ್ದು. ಅದನ್ನು ಮಾತ್ರ ಮತ್ತೆ ಹತ್ತಿಸಿ. ಒಂದಕ್ಕಾಗಿ ಇಡೀ ಪ್ರಸಾರ ನಿಲ್ಲಿಸಬೇಡಿ. ಎಲ್ಲ ಕಡೆ ಕೆಟ್ಟಿದ್ದರೆ ಸ್ಥಳೀಯ ರೆಕಾರ್ಡಿಂಗ್ ನೋಡಿ. ರೆಕಾರ್ಡಿಂಗ್ ಚೆನ್ನಾಗಿದ್ದರೆ ತೊಂದರೆ ಇಂಟರ್‌ನೆಟ್‌ನಲ್ಲಿ, ಅಥವಾ ಕ್ಲೌಡ್ ಸೇವೆಯಲ್ಲಿ. ರೆಕಾರ್ಡಿಂಗೂ ಕೆಟ್ಟಿದ್ದರೆ ನಿಮ್ಮ ಮೇಜಿನ ಮೇಲೆ.

ಪ್ರತಿ ವೇದಿಕೆಯ ವಿಳಂಬ ಬೇರೆ. ಒಬ್ಬರಿಗೆ ಐದು ಸೆಕೆಂಡ್ ತಡವಾಗಿ ಬಂದರೆ ಇನ್ನೊಬ್ಬರಿಗೆ ಅರ್ಧ ನಿಮಿಷ ತಡವಾಗಬಹುದು. ಆದ್ದರಿಂದ 'ಮೊದಲು ಉತ್ತರ ಕೊಟ್ಟವರಿಗೆ ಬಹುಮಾನ' ಎಂಬ ಸ್ಪರ್ಧೆ ಇಡಬೇಡಿ. ತಡವಾಗಿ ನೋಡುವವರಿಗೆ ಅನ್ಯಾಯ ಆಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ಕಾದು ಕಾಮೆಂಟ್ ಓದಿ. ಓದುವಾಗ ಎಲ್ಲ ವೇದಿಕೆಯಿಂದಲೂ ಸರದಿ ಪ್ರಕಾರ ತೆಗೆದುಕೊಳ್ಳಿ. ಒಂದೇ ಕಡೆಯವರಿಗೆ ಉತ್ತರ ಕೊಟ್ಟರೆ ಉಳಿದ ಕಡೆಯವರು ಬರೆಯುವುದನ್ನೇ ಬಿಡುತ್ತಾರೆ.

ಮೂವತ್ತು ನಿಮಿಷಕ್ಕೊಮ್ಮೆ ಹೊರಗಿನ ಫೋನ್‌ನಲ್ಲಿ ಪ್ರತಿ ಚಾನೆಲ್‌ನ ಧ್ವನಿ ಕೇಳಿ. ಬರೀ ಚಿತ್ರ ನೋಡಿ ತೃಪ್ತಿಪಡಬೇಡಿ.

## ಹಂತ 11: ಮುಚ್ಚುವ ಕ್ರಮ

ನಿರೂಪಕರು ನಮಸ್ಕಾರ ಹೇಳಿದ ಕೂಡಲೇ ಗುಂಡಿ ಒತ್ತಬೇಡಿ. ತಡವಾಗಿ ನೋಡುವವರಿಗೆ ಕೊನೆಯ ಮಾತು ಇನ್ನೂ ತಲುಪಿರುವುದಿಲ್ಲ. ಮೈಕ್‌ಗಳನ್ನೆಲ್ಲ ಮೊದಲು ಮ್ಯೂಟ್ ಮಾಡಿ, ಮುಕ್ತಾಯದ ಚಿತ್ರವನ್ನು ಒಂದು ನಿಮಿಷ ಇಡಿ. ಕಾರ್ಯಕ್ರಮ ಮುಗಿಯಿತು ಎಂದು ವೇದಿಕೆ ಮೇಲೆ ಆಡುವ ಮಾತು ಹೊರಗೆ ಹೋಗಬಾರದು.

ಆಮೇಲೆ ಪ್ರತಿ ವೇದಿಕೆಗೂ ಹೋಗಿ ಅಲ್ಲೇ ಲೈವ್ ಮುಗಿಸಿ. ಆಟೋ ಸ್ಟಾಪ್ ಆಫ್ ಮಾಡಿದ್ದರಿಂದ ಯೂಟ್ಯೂಬ್‌ನಲ್ಲಿ ಇದನ್ನು ನೀವೇ ಮಾಡಬೇಕು. ಎಲ್ಲ ಮುಗಿದ ಮೇಲೆ ಓಬಿಎಸ್‌ನಲ್ಲಿ ಪ್ರಸಾರ ನಿಲ್ಲಿಸಿ. ಎಲ್ಲಕ್ಕಿಂತ ಕೊನೆಗೆ ರೆಕಾರ್ಡಿಂಗ್ ನಿಲ್ಲಿಸಿ.

ಅದೇ ದಿನ ಪ್ರತಿ ಚಾನೆಲ್‌ನಲ್ಲಿ ಉಳಿದ ವಿಡಿಯೋ ತೆರೆದು ನೋಡಿ. ಯೂಟ್ಯೂಬ್ 12 ಗಂಟೆಗಿಂತ ಕಡಿಮೆ ಇರುವ ಲೈವ್ ಅನ್ನು ತಾನಾಗಿ ಉಳಿಸಿಕೊಳ್ಳುತ್ತದೆ. ಫೇಸ್‌ಬುಕ್ 2025ರ ಫೆಬ್ರುವರಿಯಿಂದ ಲೈವ್ ವಿಡಿಯೋಗಳನ್ನು 30 ದಿನದ ಮೇಲೆ ತೆಗೆದುಹಾಕುತ್ತದೆ, ಹಾಗಾಗಿ ಬೇಕಿದ್ದರೆ ಅಷ್ಟರೊಳಗೆ ಇಳಿಸಿಕೊಳ್ಳಿ. ಎಲ್ಲಾದರೂ ನಡುವೆ ಧ್ವನಿ ಕತ್ತರಿಸಿದ್ದರೆ, ಚಿತ್ರ ನಿಂತಿದ್ದರೆ, ಮೇಜಿನ ಮೇಲಿನ ರೆಕಾರ್ಡಿಂಗ್ ಅನ್ನು ಎಂಪಿ4 ಮಾಡಿ ಮತ್ತೆ ಏರಿಸಿ. ಹಳೆಯ ಲಿಂಕ್‌ನ ವಿವರಣೆಯಲ್ಲಿ ಹೊಸ ಲಿಂಕ್ ಹಾಕಿ.